ಶೋರೂಮ್‌ನಾಗ ಡೀಸೆಲ್ ಪಿಕಪ್ ಆಯಿಲ್ ಚೇಂಜ್: ನಂಬಬೇಕೋ ಬ್ಯಾಡೋ?

ಲಿಂಬಿಗಾಡಿ (ಹಡಪ್ಸರ್)

ನಮಸ್ಕಾರ ರೀ ಎಲ್ಲಾರಿಗೂ. ಪುಣೆ ಮುಂಬೈ ಕಡೆ ಗಾಡಿ ಓಡಸೋ ನಮ್ಮ ಮಂದಿ ಇಲ್ಲಿ ಭಾಳ ಅದಾರ ಅಂತ ಕೇಳಾಕತ್ತೀನಿ. ನಂದು ಬಿಎಸ್6 (ಹೊಸಾ ಹೊಗಿ ನಿಯಮದ್ದು) ಡೀಸೆಲ್ ಪಿಕಪ್. ಯಾವ ಕಂಪನಿದು ಅನ್ನೂದು ಬ್ಯಾಡ ಬಿಡ್ರಿ, ಅದನ್ನ ಹೇಳಿದ್ರ ಶೋರೂಮ್ ಯಾವುದಂತ ಗೊತ್ತಾಗ್ತೈತಿ, ನಾಳೆ ಮತ್ತ ಅಲ್ಲೇ ಹೋಗಿ ನಿಂದರಬೇಕು. ವಾರಂಟಿ ಇನ್ನೂ ಐತಿ. ಕೆಲಸ ಅಂದ್ರ ಇಂಡಿ ಕಡೆಯಿಂದ ಲಿಂಬಿಕಾಯಿ ತುಂಬಕೊಂಡು ಸೋಲಾಪುರ ಮ್ಯಾಲ ಮಾರ್ಕೆಟ್ ಯಾರ್ಡಿಗೆ ಬರೂದು, ಸೀಜನ್ ಇಲ್ಲದಾಗ ಮಾರ್ಕೆಟ್ ಯಾರ್ಡಿಂದ ಕೊಂಢವಾ, ಕ್ಯಾಂಪ್, ವಾನವಡಿ ಹಿಂಗ ಲೋಕಲ್ ಭಾಡಾ ಹೊಡಿಯೂದು.

ಮೊನ್ನೆ ಸರ್ವಿಸಿಗೆ ಬಿಟ್ಟಿದ್ದೆ, ಮುಂಜಾನೆ ಬಿಟ್ಟು ಸಂಜಿಕ ತೊಗೊಂಡೆ, ಒಳಗ ಬಿಡಂಗಿಲ್ಲ ಕಾಚಿನ ರೂಮ್‌ನಾಗ ಕುಂದರ್ರಿ ಟಿವಿ ನೋಡ್ರಿ ಅಂತಾರ, ನಮಗ ಅಷ್ಟ ಪುರಸೊತ್ತ ಎಲ್ಲಿ ಐತಿ, ಹೊರಗ ಹೋಗಿ ಬ್ಯಾರೆ ಕೆಲಸ ಮುಗಿಸಿ ಬಂದೆ. ಬಿಲ್‌ನಾಗ ಆಯಿಲ್, ಫಿಲ್ಟರ್, ವಾಶರ್ ಜೊತಿಗೆ ನಾ ಹೇಳಲಾರದ್ದು ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್ ಎರಡೂ ಹಾಕ್ಯಾರ. ಅದು ಹೋಗ್ಲಿ. ಮರುದಿನ ಮುಂಜಾನೆ ಗಾಡಿ ತಂಪ ಇದ್ದಾಗ ಆಯಿಲ್ ಲೆವೆಲ್ ನೋಡೋ ಕಡ್ಡಿ ತಗದು ನೋಡಿದ್ರ ಆಯಿಲ್ ಕರ್ರಗ ಕಪ್ಪ, ಮತ್ತ ಮ್ಯಾಕ್ಸ್ ಗೆರಿ ದಾಟಿ ಬೆರಳಷ್ಟ ಮ್ಯಾಲ ಐತಿ. ನಮ್ಮ ಕಾಕಾನ ಮಗ ಹೇಳಿದ್ದ ಅಂತ ಹಳೇ ಫಿಲ್ಟರ್ ಮ್ಯಾಲ ಮೊದಲ ಪೇಂಟ್ ಮಾರ್ಕರ್‌ಲೆ ಒಂದು ಗೀಟ ಹಾಕಿ ಕೊಟ್ಟಿದ್ದೆ, ಈಗ ಕೆಳಗ ಬಗ್ಗಿ ನೋಡಿದ್ರ ಗೀಟ ಇಲ್ಲ, ಅಂದ್ರ ಫಿಲ್ಟರ್ ಹೊಸಾದು ಹಾಕ್ಯಾರ. ಹಂಗಾದ್ರ ಫಿಲ್ಟರ್ ಬದ್ಲಿ ಮಾಡಿ ಆಯಿಲ್ ಅದನ್ನ ಬಿಟ್ಟಾರೇನು? ಅವ ಅಂತಾನ, ಹಳೇ ಆಯಿಲ್ ಮ್ಯಾಲೇ ಹೊಸಾದು ಸುರದು ಲೆವೆಲ್ ಹೆಚ್ಚ ಮಾಡ್ಯಾರ, ಉಳದದ್ದು ಡಬ್ಬಿ ಹೊರಗ ಮಾರ್ಕೊಂಡಾರ ಅಂತ. ಭೋಸರಿ ಕಡೆ ಹೊರಗಿನ ಮಿಸ್ತ್ರಿ ಹತ್ರ ಕಣ್ಣ ಮುಂದ ಮಾಡಿಸಿದ್ರ ಚಲೋನಾ, ವಾರಂಟಿ ಹೋಗ್ತೈತೇನು, ತಿಳದವರು ಹೇಳ್ರಿ.

ವಾಕಡ್_ವೀಕೆಂಡ್

ಬಾಸ್ ಮೊದ್ಲು ಟೆನ್ಷನ್ ಬಿಡಿ. ನಾನು ಬೆಂಗಳೂರಿನವ್ನು, ಹಿಂಜವಡಿಲಿ ಕೆಲ್ಸ, ನನ್ ಹತ್ರನೂ ಡೀಸೆಲ್ ಪಿಕಪ್ ಇದೆ ಆದ್ರೆ ಡಬಲ್ ಕ್ಯಾಬ್, ಲೋಡ್ ಏನಿಲ್ಲ, ವೀಕೆಂಡ್‌ಗೆ ಮಾವಳ ಮುಳಶಿ ಅಂತ ಸುತ್ತೋದು. ನಾನಂತೂ ಶೋರೂಮ್‌ಗೇ ಹೋಗ್ತೀನಿ ಯಾಕಂದ್ರೆ ನಮ್ ಸೊಸೈಟಿ ಬೇಸ್‌ಮೆಂಟಲ್ಲಿ ಆಯಿಲ್ ಚೇಂಜ್ ಮಾಡೋಕೆ ಹೋದ್ರೆ ಸೆಕ್ರೆಟರಿ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿ ಮಾನ ಕಳೀತಾರೆ. ವಾರಂಟಿ ವಿಷಯಕ್ಕೆ ಹೆದ್ರಬೇಡಿ, ಕಾಂಪಿಟಿಷನ್ ಕಮಿಷನ್ 2014ರಲ್ಲೇ 14 ಕಾರ್ ಕಂಪನಿಗಳಿಗೆ ಎರಡೂವರೆ ಸಾವಿರ ಕೋಟಿ ಮೇಲೆ ದಂಡ ಹಾಕಿ, ಹೊರಗಡೆ ಗ್ಯಾರೇಜಲ್ಲಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ಕ್ಯಾನ್ಸಲ್ ಮಾಡೋ ಹಾಗಿಲ್ಲ ಅಂತ ಹೇಳಿದೆ. ಆ ಆರ್ಡರ್ ಪ್ರಿಂಟ್ ತಗೊಂಡ್ ಹೋಗಿ ಮುಖಕ್ಕೆ ಹಿಡೀರಿ ಅಷ್ಟೇ.

ಕಪ್ಪಗಿದೆ ಅನ್ನೋದಕ್ಕೆ ನನ್ ಹತ್ರ ಉತ್ರ ಇಲ್ಲ, ಮೆಕ್ಯಾನಿಕ್ ಯಾರಾದ್ರೂ ಹೇಳ್ಲಿ.

ಭೋಸರಿ ಮಿಸ್ತ್ರಿ

ನನ್ನ ಹೆಸರೇ ಕರದಂಗ ಆಯ್ತು, ಅದಕ್ಕ ಬರಿಲಿಕತ್ತೀನಿ. ಹುಮನಾಬಾದ ಕಡೆಯವ, ಮೊದಲ ಕಂಪನಿ ವರ್ಕ್‌ಶಾಪ್‌ದಾಗೇ ಇದ್ದೆ, ಈಗ ನಂದೇ ಗ್ಯಾರೇಜ್ ಅದ. ಅಣ್ಣಾ, ಮೊದಲ ಈ ಕಪ್ಪಿನ ವಿಷಯ ಮುಗಸೋಣ. ಡೀಸೆಲ್ ಎಂಜಿನ್‌ದಾಗ ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ ಒಂದು ರೌಂಡ್ ಹೊಡದು ಬಂದ್ರ ಸಾಕು ಕಡ್ಡಿ ಕಪ್ಪ ಆಗಿರ್ತದ. ಪ್ಲಗ್ ತಗದಾಗ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಖಾಲಿ ಆಗ್ತದ, ಎಂಜಿನ್ ಖಾಲಿ ಆಗಂಗಿಲ್ಲ. ಆಯಿಲ್ ಕೂಲರ್‌ದಾಗ, ಗ್ಯಾಲರಿದಾಗ, ಟರ್ಬೋ ಪೈಪಿನಾಗ, ಹೆಡ್ ಮ್ಯಾಲ ಎಲ್ಲಾ ಕಡೆ ಹಳೇದು ಉಳದಿರ್ತದ. ಅದರಾಗಿನ ಮಸಿ ಎಷ್ಟು ಸಣ್ಣ ಅಂದ್ರ ಫಿಲ್ಟರ್‌ದಾಗೂ ನಿಂದ್ರಂಗಿಲ್ಲ, ಸ್ವಲ್ಪೇ ಇದ್ರೂ ಪೂರ್ತಿ ಆಯಿಲ್ ಬಣ್ಣ ಕೆಡಸ್ತದ. ಈಜಿಆರ್ (ಒಂದಿಷ್ಟು ಹೊಗಿ ತಿರುಗಿ ಎಂಜಿನಿಗೇ ಕಳಸೋದು) ಇದ್ದ ಗಾಡ್ಯಾಗ ಅಂತೂ ಇನ್ನೂ ಜಲ್ದಿ. ಆ ಮಸಿನ ಹಿಡಕೊಂಡು ತೇಲಸೂದೇ ಡೀಸೆಲ್ ಆಯಿಲಿನ ಕೆಲಸ, ಅದಕ್ಕೇ ಅದರಾಗ ಡಿಟರ್ಜಂಟ್ ಹಾಕಿರ್ತಾರ. ಪೆಟ್ರೋಲ್ ಕಾರಿನವರು ತಮ್ಮ ಕಡ್ಡಿ ಜೇನುತುಪ್ಪದಂಗ ಇರೂದು ನೋಡಿ ಡೀಸೆಲ್ ಗಾಡಿಯವರಿಗಿ ಸುಮ್ಮನೆ ಅಂಜಿಕಿ ಹಚ್ಚತಾರ. ಕಪ್ಪ ಆಗ್ಯಾದ ಅಂತ ಶೋರೂಮ್‌ದವರಿಗಿ ಕಳ್ಳರು ಅನ್ನಬ್ಯಾಡ್ರಿ.

ಆದ್ರ ಲೆವೆಲ್ ಮ್ಯಾಕ್ಸ್ ದಾಟೇದ ಅಂದಿರಲ್ಲ, ಅದು ಖರೆ ತ್ರಾಸಿನ ಮಾತು. ನನಗ ಎರಡು ಮಾತು ಹೇಳ್ರಿ. ಒಂದು, ಗಾಡಿ ಸಮಾ ನೆಲದ ಮ್ಯಾಲ ಇತ್ತೋ ಇಳಿಜಾರಿನಾಗ ಇತ್ತೋ. ಎರಡನೇದು, ಗಾಡಿ ಬಿಡಿಸಿಕೊಂಡ ಮರುದಿನಾನೇ ಅಷ್ಟ ಇತ್ತೋ, ಇಲ್ಲಾ ಮೊದಲ ಬರೋಬರಿ ಇದ್ದು ಓಡಿಸಿದಂಗ ಏರಿತೋ. ಮರುದಿನಾನೇ ಇತ್ತು ಅಂದ್ರ ಹೆಚ್ಚ ಸುರದಾರ. ಹಂತ ಹಂತವಾಗಿ ಏರಿತು ಅಂದ್ರ ಅದು ಆಯಿಲ್ ಅಲ್ಲ, ಡೀಸೆಲ್.

ಬಿಎಸ್6 ಗಾಡ್ಯಾಗ ಡಿಪಿಎಫ್ ಇರ್ತದಲ್ಲ, ಸೈಲೆನ್ಸರ್ ಲೈನ್‌ದಾಗ ಮಸಿ ಹಿಡಿಯೋ ಜಾಳಗಿ, ಅದು ತುಂಬಿದ ಮ್ಯಾಲ ಇಸಿಯು (ಎಂಜಿನ್ ಕಂಪ್ಯೂಟರ್) ತಾನೇ ಅದನ್ನ ಸುಡ್ತದ, ಅದಕ್ಕ 600 ಡಿಗ್ರಿ ಹತ್ರ ಬಿಸಿ ಬೇಕು. ಆ ಬಿಸಿ ತರಲಿಕ್ಕ ಸಿಲಿಂಡರ್‌ದಾಗ ತಡಾ ಮಾಡಿ ಒಂದಿಷ್ಟು ಡೀಸೆಲ್ ಹೊಡಿತದ. ಸೋಲಾಪುರ ರೋಡಿಗೆ ಒಂದೇ ಸ್ಪೀಡ್‌ದಾಗ ಹೋಗೋ ಮುಂದ ಈ ಕೆಲಸ ಸರಳ ಮುಗಿತದ. ನೀವು ಮಾರ್ಕೆಟ್ ಯಾರ್ಡಿಂದ ಕೊಂಢವಾಕ್ಕ ಹೋಗಿ ಎಂಜಿನ್ ಬಂದ್ ಮಾಡಿದ್ರಿ ಅಂದ್ರ ಸುಡೋ ಕೆಲಸ ಅರ್ಧಕ್ಕ ನಿಂದ್ರತದ, ಮತ್ತ ಹೊಸದಾಗಿ ಶುರು ಮಾಡ್ತದ, ಮತ್ತ ಅರ್ಧಕ್ಕ ನಿಂದ್ರತದ. ಪ್ರತಿ ಸಾರಿ ಆ ಡೀಸೆಲ್ ಸ್ವಲ್ಪ ಸಿಲಿಂಡರ್ ಗೋಡಿ ಹಿಡದು ಕೆಳಗ ಇಳದು ಸಂಪಿಗೆ ಬರ್ತದ. ಆಯಿಲ್ ತೆಳ್ಳಗ ಆಗ್ತದ, ಲೆವೆಲ್ ಏರ್ತದ. ಕಡ್ಡಿ ಮೂಗಿಗಿ ಹಿಡದು ನೋಡ್ರಿ, ಡೀಸೆಲ್ ವಾಸನಿ ಹೊಡಿತದೇನು. ಒಂದು ಹನಿ ಟಿಶ್ಯೂ ಪೇಪರ್ ಮ್ಯಾಲ ಹಾಕಿ ರಾತ್ರಿ ಬಿಡ್ರಿ, ನಡು ಕಪ್ಪ ಇದ್ದು ಹೊರಗ ಅಗಲ ಎಣ್ಣಿ ಉಂಗುರ ಬಂದ್ರ ಡೀಸೆಲ್ ಕೂಡೇದ ಅಂತ ಸಂಶಯ ಮಾಡಬೇಕು. ಪಕ್ಕಾ ಬೇಕಂದ್ರ ಲ್ಯಾಬ್‌ದಾಗೇ ನೋಡಿಸಬೇಕು, ಆದ್ರ ಇದು ಫುಕಟ.

ಎರಡರಾಗ ಯಾವುದಿದ್ರೂ ಹಂಗೇ ಓಡಸಬ್ಯಾಡ್ರಿ. ಲೆವೆಲ್ ಭಾಳ ಮ್ಯಾಲ ಇದ್ರ ಕ್ರ್ಯಾಂಕ್ ಆಯಿಲಿಗಿ ಬಡದು ನೊರಿ ಎಬ್ಬಸ್ತದ, ನೊರಿ ಪಂಪಿಗಿ ಹೋದ್ರ ಬೇರಿಂಗಿಗಿ ಆಯಿಲ್ ಬದ್ಲಿ ಹವಾ ಹೋಗ್ತದ. ಮತ್ತ ಬ್ರೀದರ್ ಪೈಪಿಂದ ಆಯಿಲ್ ಇನ್‌ಟೇಕಿಗಿ ಎಳಿತದ. ಡೀಸೆಲ್ ಎಂಜಿನ್ ಆಯಿಲ್ ಮ್ಯಾಲೂ ಓಡ್ತದ, ಇದು ಮಂದಿಗಿ ಗೊತ್ತಿಲ್ಲ. ಹಂಗ ಓಡಲಿಕ್ಕ ಹತ್ತಿದ್ರ ಚಾವಿ ತಗದ್ರೂ ಬಂದ್ ಆಗಂಗಿಲ್ಲ, ಗಾಳಿ ಬಂದ್ ಮಾಡಬೇಕು ಇಲ್ಲಾ ದೊಡ್ಡ ಗೇರ್ ಹಾಕಿ ಬ್ರೇಕ್ ತುಳದು ಕ್ಲಚ್ ಬಿಟ್ಟು ನಿಂದ್ರಸಬೇಕು. ಬೆರಳಷ್ಟ ಹೆಚ್ಚಿದ್ರ ಅಷ್ಟ ದೂರ ಹೋಗಂಗಿಲ್ಲ, ಆದ್ರ ತಗಸೂದು ಛಲೋ.

ಡೊಂಬಿವ್ಲಿ ಟೆಂಪೊ

ವಾಕಡ್ ಅವರೇ, ಆರ್ಡರ್ ಪ್ರಿಂಟ್ ಹಿಡ್ಕೊಂಡು ಹೋದ್ರೆ ಆ ಅಡ್ವೈಸರ್ ಹುಡುಗ ಓದ್ಲಿಕ್ಕೂ ಇಲ್ಲ ಮಾರಾಯ್ರೆ, ಅವನ ಹತ್ರ ಇರೋದು ವಾರಂಟಿ ಬುಕ್ ಮಾತ್ರ. ಮತ್ತೆ ಆ ಆರ್ಡರ್ ಬಂದ ಮೇಲೆ ಕಂಪನಿಯವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ, ಅದನ್ನೂ ಹೇಳಬೇಕಲ್ಲ. ಅದರಲ್ಲೇ ಇನ್ನೊಂದು ಉಂಟು, ಹೊರಗಿನವರು ತಪ್ಪು ಕೆಲಸ ಮಾಡಿ ಅದ್ರಿಂದ್ಲೇ ಹಾಳಾದ್ರೆ ಆ ಮಟ್ಟಿಗೆ ವಾರಂಟಿ ಕೊಡದೆ ಇರಬಹುದು ಅಂತ. ಎಂಜಿನ್ ಬೇರಿಂಗ್ ಹೋದ್ರೆ ಅವರು ಮೊದಲು ಕೇಳುವುದೇ ಆಯಿಲ್ ಎಲ್ಲಿ ಹಾಕಿಸಿದ್ದು, ಯಾವ ಆಯಿಲ್, ಬಿಲ್ ಎಲ್ಲಿ ಅಂತ. ಭೋಸರಿಯಲ್ಲಿ ಬಿಲ್ ಕೊಡ್ತಾರಾ? (ಮಿಸ್ತ್ರಿಯವರೇ ಬೇಜಾರ ಮಾಡ್ಬೇಡಿ.)

ನಮ್ಮದು ವಾಶಿ ಎಪಿಎಂಸಿಯಿಂದ ಹೋಟೆಲುಗಳಿಗೆ ತರಕಾರಿ, ಅಕ್ಕಿ ಸಪ್ಲೈ, ಟೆಂಪೊಗಳು ಬೇರೆ ಬೇರೆ ಕಂಪನಿಯದ್ದು ಉಂಟು. ನಾನು ನೋಡಿದ್ದು ಹೇಳ್ತೇನೆ, ಒಂದೇ ಕಂಪನಿಯ ಬೋರ್ಡ್ ಹಾಕಿದ ಎರಡು ವರ್ಕ್‌ಶಾಪಲ್ಲಿ ಒಂದು ಚಿನ್ನದಂಥದ್ದು, ಇನ್ನೊಂದಕ್ಕೆ ಬಾಗಿಲಲ್ಲೇ ಕೈ ಮುಗಿಯಬೇಕು. ಕಂಪನಿ ಬೋರ್ಡ್ ಬಾಡಿಗೆಗೆ ಕೊಟ್ಟ ಹಾಗೆ, ಒಳಗೆ ಕೆಲಸ ಮಾಡಿಸುವವ ಬೇರೆ ಯಜಮಾನ, ಅವನಿಗೆ ದಿನಕ್ಕೆ ಇಷ್ಟು ಗಾಡಿ ಹೊರಗೆ ಬಿಡಬೇಕು, ಇಷ್ಟು ಬಿಲ್ ಆಗಬೇಕು. ಅಡ್ವೈಸರಿಗೆ ಆಯಿಲ್ ಚೇಂಜಲ್ಲಿ ಏನೂ ಸಿಗುವುದಿಲ್ಲ, ಫ್ಲಶ್, ಇಂಜೆಕ್ಟರ್ ಕ್ಲೀನರ್, ಎಸಿ ಡಿಸಿನ್ಫೆಕ್ಟ್ ಇಂಥದ್ದರಲ್ಲಿ ಸಿಗುವುದು. ನಿಮ್ಮ ಬಿಲ್ಲಿನಲ್ಲಿ ಅದು ಬಂದದ್ದು ಹಾಗೆ. ಜಾಬ್ ಕಾರ್ಡಿಗೆ ಸೈನ್ ಮಾಡುವಾಗಲೇ ಕೆಳಗೆ ಕನ್ನಡದಲ್ಲೋ ಮರಾಠಿಯಲ್ಲೋ ಬರೀರಿ, ಕೇಳದೆ ಬೇರೆ ಏನೂ ಹಾಕಬಾರದು ಅಂತ. ಒಂದು ಫೋಟೋ ತೆಗೀರಿ. ನಾವು ಬರೆಯಲಿಕ್ಕೆ ಶುರು ಮಾಡಿದ ಮೇಲೆ ಫ್ಲಶ್ ನಿಂತೇ ಹೋಯ್ತು.

ಡಬ್ಬಿ ಹೊರಗೆ ಮಾರ್ತಾರೆ ಅನ್ನೋದು ದೊಡ್ಡ ವರ್ಕ್‌ಶಾಪಲ್ಲಿ ಕಮ್ಮಿ ಆಗಿದೆ, ಈಗ ಹೆಚ್ಚಿನ ಕಡೆ 210 ಲೀಟರಿನ ಬ್ಯಾರಲ್, ಅಲ್ಲಿಂದ ಪೈಪಲ್ಲಿ ಗನ್ನು, ಪೆಟ್ರೋಲ್ ಬಂಕಿನ ಹಾಗೆ ಮೀಟರ್. ಬಿಲ್ಲಲ್ಲಿ ಲೀಟರ್ ಪಾಯಿಂಟ್ ಹಾಕಿ ಬರ್ತದೆ ನೋಡಿ, ಅದಕ್ಕೇ.

ಲಿಂಬಿಗಾಡಿ (ಹಡಪ್ಸರ್)

ಮಿಸ್ತ್ರಿ ಅಣ್ಣಾರ, ಸಮಾ ನೆಲದಾಗೇ ಇತ್ತು, ನಮ್ಮ ಓಣ್ಯಾಗ ಸಿಮೆಂಟ್ ಕಟ್ಟಿ ಐತಿ ಅದರ ಮ್ಯಾಲ. ಮರುದಿನ ಮುಂಜಾನೇನ ಅಷ್ಟ ಇತ್ತು, ಶೋರೂಮ್‌ದಿಂದ ಮನಿಗೆ ಬಂದಿದ್ದು ಬಿಟ್ರ ಎಲ್ಲೂ ಓಡಿಸಿರಲಿಲ್ಲ. ಡೀಸೆಲ್ ವಾಸನಿ ನನಗೇನ ಗೊತ್ತಾಗಲಿಲ್ಲ, ನಮ್ಮ ಹುಡುಗನ ಮೂಗಿಗೂ ಹಿಡದೆ, ಅವ ಬರೇ ಎಣ್ಣಿ ವಾಸನಿ ಅಂದ. ಟಿಶ್ಯೂ ಮ್ಯಾಲ ಹನಿ ಹಾಕೀನಿ, ನಾಳೆ ನೋಡ್ತೀನಿ. ಬಿಲ್‌ನಾಗ ಆಯಿಲ್ ಅಂತ ಒಂದು ಕೋಡ್ ನಂಬರ್ ಐತಿ, ಗ್ರೇಡ್ ಬರದಿಲ್ಲ. ಮ್ಯಾನುಯಲ್‌ನಾಗ 5ಡಬ್ಲ್ಯೂ-30 (ಆಯಿಲ್ ಎಷ್ಟ ದಪ್ಪ ಅನ್ನೋ ನಂಬರ್), ಲೋ ಆಶ್ (ಕಮ್ಮಿ ಬೂದಿ) ಅಂತ ಬರದಾರ. ಅಡ್ವೈಸರಗ ಫೋನ್ ಮಾಡಿ ಕೇಳಿದ್ರ ಸಬ್ ಗಾಡೀಲಾ ಏಕಚ್ ತೇಲ್ ಅಂತಾನ, ಎಲ್ಲಾ ಗಾಡಿಗೂ ಒಂದೇ ಎಣ್ಣಿ. ಇದು ಖರೇನು? ನಮ್ಮ ಹಳೇ ಗಾಡಿಗೆ 15ಡಬ್ಲ್ಯೂ-40 ಹಾಕಿಸ್ತಿದ್ವಿ, ಯಾವತ್ತೂ ಏನೂ ಆಗಿಲ್ಲ.

ಭೋಸರಿ ಮಿಸ್ತ್ರಿ

ಡೊಂಬಿವ್ಲಿ ಸೇಟಜಿ, ಬಿಲ್ ಕೊಡ್ತೀನ್ರಿ, ಜಿಎಸ್‌ಟಿ ಹಚ್ಚಿ ಕೊಡ್ತೀನಿ, ತೊಗೊಳ್ಳೋರು ಯಾರೂ ಇಲ್ಲ ಅಷ್ಟೇ. ಬಿಲ್ ಅಂದ ಕೂಡಲೆ ರೇಟ್ ಕಮ್ಮಿ ಮಾಡ್ರಿ ಅಂತಾರ.

ಲಿಂಬಿಗಾಡಿ ಅಣ್ಣಾ, ವಾಸನಿ ಇಲ್ಲ, ಮರುದಿನಾನೇ ಲೆವೆಲ್ ಮ್ಯಾಲ ಅದ, ಅಂದ್ರ ಹೆಚ್ಚ ಸುರದಾರ. ಹೆಂಗ ಆಗ್ತದ ಹೇಳ್ತೀನಿ. ಆಯಿಲ್ ಬಿಸಿ ಇದ್ದಾಗ ಪ್ಲಗ್ ತಗದು ಹನಿ ನಿಂದ್ರೋತನ ಬಿಡಬೇಕು. ಮುಂಜಾನೆ ಬಿಟ್ಟ ಗಾಡಿ ಲಿಫ್ಟ್ ಏರೂದು ಮಧ್ಯಾಹ್ನ, ಅಷ್ಟೊತ್ತಿಗಿ ತಂಪಾಗಿ ಕುಂತಿರ್ತದ, ಹಿಂದ ಸಾಲಿನಾಗ ಗಾಡಿ ನಿಂತಿರ್ತಾವ, ಧಾರ ಸಣ್ಣ ಆದ ಕೂಡಲೆ ಪ್ಲಗ್ ಬಿಗಿತಾರ. ಒಳಗ ಹಳೇದು ಒಂದಿಷ್ಟು ಉಳಿತದ. ಆಮ್ಯಾಲ ಚಾರ್ಟ್‌ದಾಗ ಎಷ್ಟು ಲೀಟರ್ ಬರದದ ಅಷ್ಟೂ ಗನ್‌ದಿಂದ ಹೊಡಿತಾರ, ಕಡ್ಡಿ ನೋಡಂಗಿಲ್ಲ. ಚಾರ್ಟ್ ಹೇಳೂದು ಪೂರ್ತಿ ಖಾಲಿ ಆದಾಗಿನ ಲೆಕ್ಕ. ಹಂಗಾಗಿ ಇದು ಕಳ್ಳತನ ಅಲ್ಲ, ಉಲ್ಟಾ ನಿಮಗ ಹೆಚ್ಚೇ ಕೊಟ್ಟಾರ. ಆದ್ರ ಕಡ್ಡಿ ನೋಡಲಾರದ ಬಾನೆಟ್ ಮುಚ್ಚೋ ಹುಡುಗ ಪ್ಲಗ್ ಎಷ್ಟು ಬಿಗಿ ಮಾಡ್ಯಾನ ಅನ್ನೂದರ ಮ್ಯಾಲ ನನಗ ಭರವಸೆ ಇಲ್ಲ. ಕೆಳಗ ಬಗ್ಗಿ ಪ್ಲಗ್ ಹತ್ರ, ಫಿಲ್ಟರ್ ಸೀಟ್ ಹತ್ರ ಒದ್ದಿ ಅದಯೇನು ನೋಡ್ರಿ. ಕೆಲವು ಸಾರಿ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಸೀಟಿಗೇ ಹತ್ತಿಕೊಂಡು ಉಳಿತದ, ಅದರ ಮ್ಯಾಲೇ ಹೊಸಾದು ತಿರುಗಿಸಿ ಬಿಡ್ತಾರ, ಎರಡು ರಿಂಗ್ ಆಗಿ ಹೈವೇದಾಗ ಪ್ರೆಶರ್ ಬಂದಾಗ ಜಾರಿ ಎಲ್ಲಾ ಆಯಿಲ್ ರೋಡಿಗಿ. ಟರ್ಬೋ ಮೊದಲ ಹೋಗ್ತದ, ಆಮ್ಯಾಲ ಎಂಜಿನ್.

ಈಗ ಗ್ರೇಡ್. ಎಲ್ಲಾ ಗಾಡಿಗೂ ಒಂದೇ ಎಣ್ಣಿ ಅನ್ನೋ ಮಾತು ಅಡ್ವೈಸರ್ ಬಾಯಾಗ ಬರಬಾರದು. ಹಳೇ ಗಾಡಿದು ಬ್ಯಾರೆ ಕಥಿ. ಅವಾಗ ಡೀಸೆಲಿನಾಗ ಗಂಧಕ ಭಾಳ ಇರ್ತಿತ್ತು, ಅದು ಸುಟ್ಟು ಆಸಿಡ್ ಆಗ್ತಿತ್ತು, ಅದನ್ನ ಮುರಿಲಿಕ್ಕ ಆಯಿಲಿನಾಗ ಕ್ಯಾಲ್ಸಿಯಂ ತರಹದ್ದು ಹೆಚ್ಚ ಹಾಕ್ತಿದ್ರು. ಬಿಎಸ್4 ಡೀಸೆಲಿಗಿ ಗಂಧಕ 50 ಪಿಪಿಎಂ ಮಿತಿ ಇತ್ತು, ಬಿಎಸ್6 ಡೀಸೆಲಿಗಿ 10. ಆಸಿಡ್ ಕಮ್ಮಿ ಆಯ್ತು, ಅಷ್ಟು ಕ್ಯಾಲ್ಸಿಯಂ ಬೇಕಾಗಿಲ್ಲ. ಬೇಕಾಗಿಲ್ಲ ಅಷ್ಟೇ ಅಲ್ಲ, ಬರಬಾರದು. ಯಾಕಂದ್ರ ಎಂಜಿನ್ ಒಂದಿಷ್ಟು ಆಯಿಲ್ ಸುಡೂದು ಸಹಜ, ಆ ಕ್ಯಾಲ್ಸಿಯಂ ಸುಟ್ಟು ಬೂದಿ ಆಗಿ ಡಿಪಿಎಫ್‌ದಾಗ ಕುಂದ್ರತದ. ಮಸಿ ಸುಡ್ತದ, ಬೂದಿ ಸುಡಂಗಿಲ್ಲ. ಕುಂತದ್ದು ಕುಂತಂಗೇ. ಅದಕ್ಕೇ ಲೋ ಆಶ್ ಅಂತ ಬರದಾರ. ಡಬ್ಬಿ ಹಿಂದ ಎಪಿಐ (ಅಮೆರಿಕಾದ ಆಯಿಲ್ ದರ್ಜಿ) ಅಂತ ಗುಂಡ ಗುರ್ತು ಇರ್ತದ, ದೊಡ್ಡ ಲಾರಿಗಿ ಸಿಕೆ-4 ಅಂದ್ರ 2016ರ ಕಡೀಕ ಬಂದದ್ದು, ಬೂದಿ 1 ಪರ್ಸೆಂಟ್ ಮಿತಿ ಒಳಗ. ಸಿಐ-4 ಅದಕ್ಕಿಂತ ಹಳೇದು, ಡಿಪಿಎಫ್ ಗಾಡಿಗಿ ಅಲ್ಲ. ನಿಮ್ಮಂತಾ ಸಣ್ಣ ಪಿಕಪ್ಪಿಗಿ ಸಿ3 ಅಂತ ಯುರೋಪಿನ ಗುರ್ತು ಇದ್ದದ್ದು ಕೇಳ್ತಾರ, ಅದು 0.8 ಒಳಗ. ನಿಮ್ಮ ಮ್ಯಾನುಯಲ್ ಏನು ಹೇಳ್ತದ ಅದೇ ಕೊನೀ ಮಾತು, ನಾ ಹೇಳಿದ್ದಲ್ಲ. ತಪ್ಪು ಆಯಿಲ್ ಹಾಕಿದ್ರೂ ಗಾಡಿ ನಾಳೆ ನಿಂದ್ರಂಗಿಲ್ಲ, ವಾರಂಟಿ ಮುಗಿದ ಮ್ಯಾಲ ಡಿಪಿಎಫ್ ಜಾಮ್ ಆಗ್ತದ, ಅವಾಗ ಯಾರಿಗಿ ಕೇಳ್ತೀರಿ. ಲೆವೆಲ್‌ಗಿಂತ ನನಗ ಇದರದ್ದೇ ಚಿಂತಿ ಹೆಚ್ಚ. ಕೋಡ್ ನಂಬರ್ ತೊಗೊಂಡು ಸ್ಟೋರ್‌ದಾಗ ಬ್ಯಾರಲ್ ಮ್ಯಾಲ ಏನು ಬರದದ ಅಂತ ಕಣ್ಣಿಲೆ ನೋಡಿ ಬರ್ರಿ, ಅಡ್ವೈಸರ್ ಹತ್ರ ಅಲ್ಲ, ವರ್ಕ್ಸ್ ಮ್ಯಾನೇಜರ್ ಹತ್ರ ಹೋಗ್ರಿ.

ಫ್ಲಶ್ ಬಗ್ಗೆ: ಸರ್ವಿಸ್ ಶೆಡ್ಯೂಲ್‌ದಾಗ ಬರದಿಲ್ಲ ಅಂದ್ರ ಹಾಕಿಸಬ್ಯಾಡ್ರಿ. ಟೈಮಿಗಿ ಆಯಿಲ್ ಬದ್ಲಿ ಆಗೋ ಎಂಜಿನ್‌ದಾಗ ತೊಳಿಲಿಕ್ಕ ಏನಿರ್ತದ? ಸರಿ ಸೋರಲಿಲ್ಲ ಅಂದ್ರ ಫ್ಲಶ್ ಒಳಗೇ ಉಳದು ಹೊಸ ಆಯಿಲ್ ತೆಳ್ಳಗ ಮಾಡ್ತದ.

ವಾಸ್ಕೊ ಟಿಪ್ಪರ್

ಗೋವಾದಾಗ ಮೈನಿಂಗ್ ಜೋರ್ ಇದ್ದಾಗ, 2012ಕ್ಕ ಬಂದ್ ಆಗೋಕಿನ ಮೊದಲ, ನಾವು ಹುಬ್ಬಳ್ಳಿ ಗದಗ ಕಡೆ ಹುಡುಗ್ರು ಅದಿರಿನ ಟಿಪ್ಪರ್ ಮ್ಯಾಲೇ ಇದ್ವಿ. ಅಲ್ಲಿ ಕಿಲೋಮೀಟರ್ ನೋಡಿ ಆಯಿಲ್ ಬದ್ಲಿ ಮಾಡಿದ್ರ ಕೆಲಸ ಕೆಟ್ಟಂಗ, ಯಾಕಂದ್ರ ಗಾಡಿ ಲೈನ್‌ನಾಗ ಚಾಲೂ ನಿಂತಿರ್ತಿತ್ತು, ಮೀಟರ್ ಓಡಂಗಿಲ್ಲ ಎಂಜಿನ್ ಓಡ್ತೈತಿ. ಮಾಲಕರು ತಾಸಿನ ಲೆಕ್ಕ ಇಡ್ತಿದ್ರು. ಲಿಂಬಿಗಾಡಿ ಅಣ್ಣಾ ನಿಮ್ಮ ಲೋಕಲ್ ಭಾಡಾ ಅಂಥಾದ್ದ, ಕ್ಯಾಂಪ್ ಟ್ರಾಫಿಕ್‌ನಾಗ ಎಷ್ಟೊತ್ತ ನಿಂದರ್ತೀರಿ ನೋಡ್ರಿ. ಶೋರೂಮ್‌ದವ ಸ್ಟಿಕರ್ ಹಚ್ಚಿ ಇಷ್ಟ ಕಿಲೋಮೀಟರ್ ಅಂತ ಬರದಿರ್ತಾನ, ಮ್ಯಾನುಯಲ್‌ನಾಗ ಹಿಂದಿನ ಪುಟಕ್ಕ ಕಠಿಣ ಬಳಕೆ ಅಂತ ಬ್ಯಾರೆ ಕೋಷ್ಟಕ ಇರ್ತೈತಿ, ಧೂಳು, ಲೋಡ್, ಘಾಟ್, ನಿಂತು ನಿಂತು ಓಡೂದು, ಅದರ ಪ್ರಕಾರ ಜಲ್ದಿ ಬದ್ಲಿ ಮಾಡ್ಬೇಕು. ಶೋರೂಮ್‌ದವರು ಇದನ್ನ ಹೇಳಿದ್ದು ನಾ ಕೇಳೇ ಇಲ್ಲ, ಫ್ಲಶ್ ಮಾರೂದು ಬಿಟ್ಟು ಇದನ್ನ ಹೇಳಿದ್ರ ಅವರಿಗೂ ಧಂದೆ ನಮಗೂ ಛಲೋ.

ಈಗ ನಾನು ವೆರ್ಣಾ ಎಸ್ಟೇಟ್‌ದಾಗ ಕಂಪನಿ ಪಿಕಪ್ ಓಡಸ್ತೀನಿ, ಅನಮೋಡ ಘಾಟ್ ಹತ್ತಿ ಬೆಳಗಾವಿ ಕಡೆ ಹೋಗಿ ಬರೂದು. ಇಲ್ಲಿ ಇನ್ನೊಂದು ತ್ರಾಸ ಐತಿ, ಸಮುದ್ರದ ಹವಾಕ್ಕ ಕಬ್ಬಿಣದ ಸಂಪ್ ತುಕ್ಕ ಹಿಡಿತೈತಿ. ಪ್ಲಗ್ ಬಿಗಿ ಮಾಡಾಕ ಇಂಪ್ಯಾಕ್ಟ್ ಗನ್ ಹಚ್ಚಿದ್ರು ಅಂದ್ರ ಥ್ರೆಡ್ ಹೋತು. ಕೈಲೆ ಪಾನಾ ಹಚ್ಚರಿ ಅಂತ ನಿಂತು ಹೇಳ್ತೀನಿ, ಬೈಸ್ಕೊಂಡೇನಿ ಒಮ್ಮೊಮ್ಮೆ.

ವಾಕಡ್_ವೀಕೆಂಡ್

ಡೊಂಬಿವ್ಲಿ ಸರ್ ಕೋರ್ಟ್ ವಿಷಯ ಒಪ್ಕೊತೀನಿ. ಆದ್ರೆ ಕನ್ಸ್ಯೂಮರ್ ಕೋರ್ಟ್ ಇದ್ಯಲ್ಲ? ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿದ್ರೆ ಕಂಪ್ಲೇಂಟ್ ತಗೋತಾರೆ. ಇವ್ರದ್ದು ಬಾಡಿಗೆ ಗಾಡಿ ಆಗಿರೋದ್ರಿಂದ ಕಮರ್ಷಿಯಲ್ ಅಂತ ತಳ್ಳಿಹಾಕ್ತಾರಾ ಅನ್ನೋದೇ ಡೌಟ್.

ಇನ್ನೊಂದ್ ಕೇಳ್ಬೇಕಿತ್ತು, ಡಬ್ಬಿ ಆಯಿಲ್ ನಾನೇ ತಂದು ಕೊಟ್ರೆ ಶೋರೂಮಲ್ಲಿ ಹಾಕ್ತಾರಾ?

ಡೊಂಬಿವ್ಲಿ ಟೆಂಪೊ

ತಳ್ಳಿಹಾಕ್ಲಿಕ್ಕೆ ಆಗುದಿಲ್ಲ. 2019ರ ಗ್ರಾಹಕ ಕಾಯ್ದೆಯಲ್ಲೇ ಉಂಟು, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾತ್ರ ಬಳಸುವ ವಸ್ತು ಆದ್ರೆ ಅವನು ಗ್ರಾಹಕನೇ. ಲಿಂಬಿಗಾಡಿಯವರು ತಾವೇ ಓಡಿಸ್ತಾರೆ, ಒಂದೇ ಗಾಡಿ, ಅವರಿಗೆ ಅನ್ವಯ ಆಗ್ತದೆ. ನಮ್ಮಂಥ ಹತ್ತಾರು ಟೆಂಪೊ ಇಟ್ಟವರಿಗೆ ಕಷ್ಟ. ಆದ್ರೆ ಬೆರಳಷ್ಟು ಆಯಿಲ್ ಹೆಚ್ಚಾದದ್ದಕ್ಕೆ ಕೋರ್ಟಿಗೆ ಯಾಕೆ, ಮೊದಲು ಮ್ಯಾನೇಜರಿಗೆ ಒಂದು ಇಮೇಲ್ ಹಾಕಲಿ, ಕಡ್ಡಿ ಫೋಟೋ, ಬಿಲ್ ಫೋಟೋ ಸಮೇತ. ಬಾಯಿಮಾತು ಗಾಳಿಗೆ ಹೋಗ್ತದೆ.

ನೀವೇ ಆಯಿಲ್ ತಂದ್ರೆ ಕೆಲವರು ಹಾಕ್ತಾರೆ, ಹೆಚ್ಚಿನವರು ಇಲ್ಲ ಅಂತಾರೆ, ಹಾಕಿದ್ರೂ ಬಿಲ್ಲಲ್ಲಿ ಗಿರಾಕಿ ತಂದ ಆಯಿಲ್ ಅಂತ ಬರೀತಾರೆ, ವಾರಂಟಿಗೆ ಅದೇ ಒಂದು ಕೊಕ್ಕೆ. ಹೊರಗೆ ಹಾಕಿಸುವವರಿಗೆ ಒಂದು ಮಾತು, ರಸ್ತೆ ಬದಿ ಸಣ್ಣ ಅಂಗಡಿಯಲ್ಲಿ ಡಿಸ್ಕೌಂಟ್ ಸಿಗ್ತದೆ ಅಂತ ಡಬ್ಬಿ ತಗೋಬೇಡಿ. ಖಾಲಿ ಡಬ್ಬಿ ಗುಜರಿಗೆ ಹೋಗಿ ಮತ್ತೆ ತುಂಬಿ ಬರ್ತದೆ. ಆಯಿಲ್ ಕಂಪನಿಯ ಪಂಪಲ್ಲೋ ಗಾಡಿ ಕಂಪನಿಯ ಸ್ಪೇರ್ ಕೌಂಟರಲ್ಲೋ ತಗೊಳ್ಳಿ, ಹಾಕಿದ ಮೇಲೆ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿ.

ಲಿಂಬಿಗಾಡಿ (ಹಡಪ್ಸರ್)

ಹೋಗಿ ಬಂದೆ ರೀ. ಇಮೇಲ್ ನನಗ ಬರಂಗಿಲ್ಲ, ತಂಗಿ ಮಗಳ ಕಡೆ ಹಾಕಿಸಿದೆ, ಫೋಟೋ ಎಲ್ಲಾ ಹಚ್ಚಿ. ಅದು ಹೋದ ಮ್ಯಾಲ ಅವರೇ ಫೋನ್ ಮಾಡಿ ಬರ್ರಿ ಅಂದ್ರು, ಮಾತಿನ ಧಾಟೀನ ಬ್ಯಾರೆ ಆಗಿತ್ತು. ವರ್ಕ್ಸ್ ಮ್ಯಾನೇಜರ್ ಭಲೋ ಮನಿಷ್ಯಾ, ಸಾಂಗಲಿ ಕಡೆಯವ, ನನ್ನ ಮುಂದೇನ ಕಡ್ಡಿ ತಗದು ನೋಡಿದ, ಪ್ಲಗ್ ಸಡ್ಲ ಮಾಡಿ ತಗಿಸಿದ, ಮ್ಯಾಕ್ಸ್‌ಗಿಂತ ಸ್ವಲ್ಪ ಕೆಳಗ ತಂದು ನಿಂದ್ರಸಿದ, ತಗದಿದ್ದು ಅಳತಿ ಡಬ್ಬ್ಯಾಗ ಒಂದು ಲೀಟರಿಗೆ ಹತ್ರ ಬಂತು. ಹೊಸಾ ವಾಶರ್ ಹಾಕಿಸಿದ, ರೊಕ್ಕ ಕೇಳಲಿಲ್ಲ. ಮಿಸ್ತ್ರಿ ಅಣ್ಣಾರ ಹೇಳಿದ್ದನ್ನ ಆ ಟೆಕ್ನಿಷಿಯನ್ ಹುಡುಗ ಹೇಳಿದ, ಚಾರ್ಟ್ ನೋಡಿ ಹೊಡದೆ ಅಂತ. ಸಣ್ಣ ಹುಡುಗ, ಐಟಿಐ ಮುಗಿಸಿ ಬಂದಾನಂತ, ಅವಗ ನಾ ಬೈಲಿಲ್ಲ.

ಸ್ಟೋರ್‌ನಾಗ ಬಿಡಾಕ ಮೊದಲ ಒಲ್ಲೆ ಅಂದ್ರು, ಮ್ಯಾನೇಜರ್ ಕರ್ಕೊಂಡು ಹೋದ. ಎರಡು ಥರದ ಬ್ಯಾರಲ್ ಅದಾವ, ಒಂದು 15ಡಬ್ಲ್ಯೂ-40 ಹಳೇ ಬಿಎಸ್4 ಗಾಡಿಗೆ, ಇನ್ನೊಂದು 5ಡಬ್ಲ್ಯೂ-30, ಅದರ ಮ್ಯಾಲ ಸಿ3 ಅಂತ ಬರದೈತಿ. ನನ್ನ ಬಿಲ್ಲಿನ ಕೋಡ್ ಎರಡನೇದಕ್ಕ ಕೂಡ್ತೈತಿ. ಅಂದ್ರ ಆಯಿಲ್ ಬರೋಬರಿ ಹಾಕ್ಯಾರ, ಅಡ್ವೈಸರ್‌ಗೇ ಗೊತ್ತಿಲ್ಲ ತಮ್ಮಲ್ಲಿ ಎರಡು ಆಯಿಲ್ ಅದಾವ ಅಂತ! ಬಿಲ್ ಮ್ಯಾಲ ಗ್ರೇಡ್ ಪೆನ್ನಿಲೆ ಬರಸಿ ಸಿಕ್ಕಾ ಹಾಕಿಸಿಕೊಂಡೆ. ಟಿಶ್ಯೂದಾಗ ಉಂಗುರ ಅಂಥಾದ್ದೇನ ಬಂದಿಲ್ಲ. ಫ್ಲಶ್ ರೊಕ್ಕ ಮುಂದಿನ ಬಿಲ್‌ನಾಗ ಕಡಿತೀವಿ ಅಂದಾರ, ಕಡದಾಗ ನೋಡೂಣು. ಇಂಜೆಕ್ಟರ್ ಕ್ಲೀನರ್ ಬಗ್ಗೆ ಬಾಯಿ ಬಿಡಲಿಲ್ಲ.

ವಾರಂಟಿ ಮುಗಿಯೂತನ ಅಲ್ಲೇ ಹೋಗ್ತೀನಿ, ಆದ್ರ ಮುಂಜಾನೆ ಮೊದಲ ನಂಬರ್ ಹಾಕಿ ಬೇ (ಗಾಡಿ ಕೆಲಸ ಮಾಡೋ ಜಾಗಾ) ಹತ್ರನ ನಿಂದರ್ತೀನಿ. ಒಳಗ ಬಿಡಂಗಿಲ್ಲ ಅಂದವರು ಈಗ ಹೆಲ್ಮೆಟ್ ಕೊಟ್ಟು ಬಿಟ್ಟಾರ.

ಭೋಸರಿ ಮಿಸ್ತ್ರಿ

ಛಲೋ ಆಯ್ತು. ಶನಿವಾರ ಹೋಗಬ್ಯಾಡ್ರಿ, ಅವತ್ತ ಕಾರಿನವರ ಗದ್ದಲ ಇರ್ತದ, ಮಂಗಳವಾರ ಬುಧವಾರ ಹೋಗ್ರಿ. ಗಾಡಿ ಓಡಿಸಿಕೊಂಡು ಬಿಸಿ ಇದ್ದಾಗೇ ಲಿಫ್ಟ್ ಏರಸರಿ ಅಂತ ಹೇಳ್ರಿ. ಹಳೇ ಫಿಲ್ಟರ್, ಹಳೇ ವಾಶರ್ ಚೀಲದಾಗ ಹಾಕಿ ಕೊಡ್ರಿ ಅಂತ ಜಾಬ್ ಕಾರ್ಡ್‌ದಾಗ ಬರಸ್ರಿ. ಮತ್ತ ಲೋಕಲ್ ಭಾಡಾ ಭಾಳ ಇದ್ದ ವಾರ ಒಮ್ಮೆ ಸೋಲಾಪುರ ರೋಡಿಗಿ ಯವತ್‌ತನ ಆದ್ರೂ ಸರಳ ಹೋಗಿ ಬರ್ರಿ, ಡಿಪಿಎಫ್ ಸುಟ್ಟುಕೊಳ್ತದ. ಕಡ್ಡಿ ಹದಿನೈದು ದಿನಕ್ಕೊಮ್ಮೆ ನೋಡ್ರಿ, ಈಗಿನ ಲೆವೆಲ್ ನಿಮಗ ಗೊತ್ತದ, ಅದಕ್ಕಿಂತ ಏರಿದ್ರ ಅವಾಗ ಡೀಸೆಲ್ ಅಂತ ತಿಳೀರಿ.

ವಾಸ್ಕೊ ಟಿಪ್ಪರ್

ಮಿಸ್ತ್ರಿ ಅಣ್ಣಾ ನಂದೊಂದು ಸಣ್ಣ ಪ್ರಶ್ನೆ. ಇಲ್ಲಿ ವಾಶರ್ ಕೇಳಿದ್ರ ಒಬ್ಬ ತಾಂಬ್ರದ್ದು ಕೊಡ್ತಾನ ಒಬ್ಬ ಅಲ್ಯುಮಿನಿಯಂದು. ಹಳೇದನ್ನ ತಿರುವಿ ಹಾಕ್ರಿ ನಡಿತೈತಿ ಅಂತಾನ ಇನ್ನೊಬ್ಬ. ಯಾವುದು ಬರೋಬರಿ?

ಭೋಸರಿ ಮಿಸ್ತ್ರಿ

ಕಂಪನಿ ಯಾವುದು ಕೊಟ್ಟದ ಅದೇ ಹಾಕ್ರಿ, ಸೈಜ್ ಮತ್ತ ದಪ್ಪ ಮುಖ್ಯ. ಒಮ್ಮೆ ಬಿಗಿ ಮಾಡಿದ್ದು ಒತ್ತಿ ಚಪ್ಪಟಿ ಆಗಿರ್ತದ, ತಿರುವಿ ಹಾಕಿದ್ರ ಸೋರ್ತದ, ಸೋರ್ತದ ಅಂತ ಮತ್ತ ಹೆಚ್ಚ ಬಿಗಿ ಮಾಡ್ತಾರ, ಥ್ರೆಡ್ ಹೋಗೂದು ಹಂಗೇ. ತಾಂಬ್ರದ್ದು ಕೆಲವರು ಕೆಂಪಗ ಕಾಸಿ ಮೆತ್ತಗ ಮಾಡಿ ಹಾಕ್ತಾರ, ಹಳ್ಳ್ಯಾಗ ಸಿಗಲಿಲ್ಲ ಅಂದ್ರ ನಡಿತದ. ನೀವು ವೆರ್ಣಾದಾಗ ಇದ್ದೀರಿ, ಹೊಸಾದು ತೊಗೊಳ್ರಿ, ಚಹಾದ ರೊಕ್ಕದಾಗ ಬರ್ತದ. ಎರಡು ಹೆಚ್ಚ ತೊಗೊಂಡು ಡ್ಯಾಶ್‌ಬೋರ್ಡ್‌ದಾಗ ಒಗದಿಡ್ರಿ.